ಸ್ಟೆಫನ್ಸ್‌ಡೋಮ್‌ನ ಕಲ್ಲು ಓದುವುದು ಹೇಗೆ: ವಿಯೆನ್ನಾದ ಕ್ಯಾಥೆಡ್ರಲ್ ನೋಡಲು ಹೋಗುವವರಿಗೆ

ವಿಯೆನ್ನಾಗೆ ಹೋದವರೆಲ್ಲ ಸ್ಟೆಫನ್ಸ್‌ಡೋಮ್‌ನ ಫೋಟೋ ಹಿಡಿದುಕೊಂಡು ಬರುತ್ತಾರೆ. ಆ ಫೋಟೋದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣಬಣ್ಣದ ಹೆಂಚಿನ ಮಾಡು. ಎಷ್ಟು ಹಳೇ ಕಾಲದ್ದು ನೋಡಿ ಅಂತ ಅದನ್ನೇ ತೋರಿಸುತ್ತಾರೆ. ಆದರೆ ಆ ಕಟ್ಟಡದ ತೀರಾ ಹೊಸ ಭಾಗಗಳಲ್ಲಿ ಅದೂ ಒಂದು. ಎರಡನೇ ಮಹಾಯುದ್ಧದ ನಂತರ ಕಟ್ಟಿದ್ದು, ಹೆಂಚಿನ ಕೆಳಗೆ ಮರದ ತೊಲೆಗಳಿಲ್ಲ, ಉಕ್ಕಿನ ಚೌಕಟ್ಟಿದೆ. ನಿಜವಾಗಿ ಹಳೆಯ ಭಾಗದ ಕೆಳಗೆ ನಿಂತು, ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡು ಎಷ್ಟೋ ಜನ ಹೊರಟುಬಿಡುತ್ತಾರೆ.

ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಬಾಗಿಲಿನಿಂದ ನೇರ ಒಳಗೆ ಹೋದೆ, ತಲೆ ಎತ್ತಿ ನೋಡಿದೆ, ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದೆ. ಚೆನ್ನಾಗಿತ್ತು, ಆದರೆ ಏನೂ ಅರ್ಥವಾಗಲಿಲ್ಲ. ಆಮೇಲೆ ಇತಿಹಾಸ ಓದಿಕೊಂಡು ಮತ್ತೆ ಹೋದಾಗ ಇಡೀ ದಿನ ಸಾಲಲಿಲ್ಲ. ಹಾಗೆ ಕಂಡುಕೊಂಡ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಒಂದೇ: ಈ ಚರ್ಚನ್ನು ಯಾರೂ ಒಂದೇ ಸಲಕ್ಕೆ ಕಟ್ಟಿಲ್ಲ. ಹಳೆಯದನ್ನು ಪೂರ್ತಿ ಕೆಡವದೆ ಅದರ ಸುತ್ತ ಹೊಸದನ್ನು ಎಬ್ಬಿಸಿದರು. ಸುಟ್ಟದ್ದನ್ನು ಮತ್ತೆ ಕಟ್ಟಿದರು, ಕೆಲವನ್ನು ಅರ್ಧಕ್ಕೇ ಬಿಟ್ಟರು. ಹಾಗಾಗಿ ನೀವು ಹುಡುಕಬೇಕಾದದ್ದು ಹೊಲಿಗೆಗಳನ್ನು. ಒಂದು ಕಾಲ ಮುಗಿದು ಇನ್ನೊಂದು ಶುರುವಾಗುವ ಗೆರೆ ಎಲ್ಲಿದೆ ಅಂತ ನೋಡುತ್ತಾ ಹೋದರೆ ಕಲ್ಲೇ ಇತಿಹಾಸ ಹೇಳುತ್ತದೆ.

ಹೊರಡುವ ಮುಂಚೆ ತಲೆಯಲ್ಲಿ ಇರಬೇಕಾದದ್ದು

ಇಸವಿಗಳ ಉದ್ದ ಪಟ್ಟಿ ಬೇಡ. ಒಂದು ಕಥೆಯ ಹಾಗೆ ನೆನಪಿಟ್ಟುಕೊಳ್ಳಿ.

1137ರಲ್ಲಿ ಇಲ್ಲಿನ ದೊರೆ ನಾಲ್ಕನೇ ಲಿಯೊಪೋಲ್ಡ್ ಮತ್ತು ಪಾಸಾವ್ ಊರಿನ ಬಿಷಪ್ ಒಂದು ಒಪ್ಪಂದ ಮಾಡಿಕೊಂಡರು. ಅದರಂತೆ ಕಟ್ಟಿದ ಮೊದಲ ಚರ್ಚಿನ ಪ್ರತಿಷ್ಠೆ 1147ರಲ್ಲಿ ಆಯಿತು. ಆಗ ಅದು ಊರಿನ ಗೋಡೆಯ ಹೊರಗಿತ್ತು. ಪಾಸಾವ್‌ನ ಕ್ಯಾಥೆಡ್ರಲ್ ಕೂಡ ಸಂತ ಸ್ಟೀಫನ್‌ನ ಹೆಸರಿನದೇ, ಇಲ್ಲಿಗೂ ಅದೇ ಹೆಸರು ಬಂತು. ಮುಂದಿನ ಶತಮಾನದಲ್ಲಿ ಅದೇ ಜಾಗದಲ್ಲಿ ಇನ್ನೂ ದೊಡ್ಡ ಚರ್ಚ್ ಎದ್ದಿತು. 1258ರಲ್ಲಿ ಬೆಂಕಿ ಬಿತ್ತು, ಸರಿಮಾಡಿ 1263ರಲ್ಲಿ ಮತ್ತೆ ಪ್ರತಿಷ್ಠೆ ಮಾಡಿದರು. 1304ರಿಂದ 1340ರ ನಡುವೆ ಪೂರ್ವದ ತುದಿಗೆ ಗಾತಿಕ್ ಶೈಲಿಯ ಹೊಸ ಕ್ವಾಯರ್, ಅಂದರೆ ಆಲ್ಟರ್ (ಪೂಜೆಯ ಪೀಠ) ಇರುವ ಭಾಗ, ಸೇರಿತು. 1359ರಲ್ಲಿ ಹ್ಯಾಬ್ಸ್‌ಬರ್ಗ್ ಮನೆತನದ ನಾಲ್ಕನೇ ರುಡಾಲ್ಫ್ ಎಂಬ ಹತ್ತೊಂಬತ್ತರ ಹುಡುಗ ಉಳಿದದ್ದನ್ನೂ ಗಾತಿಕ್ ಮಾಡುತ್ತೇನೆ ಅಂತ ಅಡಿಗಲ್ಲು ಹಾಕಿದ. ದಕ್ಷಿಣದ ಗೋಪುರ ಮುಗಿದದ್ದು 1433ರಲ್ಲಿ. ಉತ್ತರದ ಗೋಪುರ ಮುಗಿಯಲೇ ಇಲ್ಲ. 1945ರಲ್ಲಿ ಮಾಡು ಸುಟ್ಟು ಬಿತ್ತು.

ಇನ್ನೊಂದು ವಿಷಯ ಗೊತ್ತಿದ್ದರೆ ಎಲ್ಲ ಸುಲಭ. ಕ್ಯಾಥೆಡ್ರಲ್ ಅಂದರೆ ದೊಡ್ಡ ಚರ್ಚ್ ಅಂತ ಅರ್ಥ ಅಲ್ಲ, ಬಿಷಪ್‌ರ ಪೀಠ ಇರುವ ಚರ್ಚ್ ಅಂತ. ವಿಯೆನ್ನಾ ಆಗ ಪಾಸಾವ್‌ನ ಬಿಷಪ್‌ರ ಕೈಕೆಳಗಿತ್ತು. ಸ್ವಂತ ಬಿಷಪ್ ಬೇಕು ಅಂತ ದೊರೆಗಳು ಎಷ್ಟು ಒದ್ದಾಡಿದರೂ ಪಾಸಾವ್‌ನವರು ಬಿಟ್ಟುಕೊಡಲಿಲ್ಲ. ಅದು ಸಿಕ್ಕಿದ್ದು 1469ರಲ್ಲಿ, ಮೂರನೇ ಫ್ರೆಡ್ರಿಕ್ ಚಕ್ರವರ್ತಿಯ ಕಾಲಕ್ಕೆ. ಅಂದರೆ ನೀವು ನೋಡುವ ಈ ಭಾರೀ ಕಟ್ಟಡದ ಬಹುಪಾಲು ಎದ್ದು ನಿಂತಾಗ ಅದು ಕಾಗದದ ಮೇಲೆ ಬರೀ ಒಂದು ಊರ ಚರ್ಚ್. ನಮಗೂ ದೊಡ್ಡ ಪದವಿ ಬೇಕು ಅನ್ನುವ ಹಟ ಇದರ ಪ್ರತಿ ಕಲ್ಲಿನಲ್ಲೂ ಇದೆ.

ಜೊತೆಗೆ ಒಂದು ಸಣ್ಣ ದುರ್ಬೀನು ಇಟ್ಟುಕೊಳ್ಳಿ. ಇಲ್ಲಿ ಒಳ್ಳೆಯದೆಲ್ಲ ಎತ್ತರದಲ್ಲೇ ಇದೆ.

ಒಳಗೆ ಹೋಗಬೇಡಿ, ಮೊದಲು ಪಶ್ಚಿಮದ ಮುಖ ನೋಡಿ

ಇದಕ್ಕೆ ಮಧ್ಯಾಹ್ನದ ಮೇಲೆ ಹೋದರೆ ಒಳ್ಳೆಯದು, ಬಿಸಿಲು ಈ ಕಡೆ ಬೀಳುತ್ತದೆ. ಜನ ಕ್ಯೂ ನಿಂತು ಒಳಗೆ ನುಗ್ಗುವ ಮುಖ್ಯ ಬಾಗಿಲು ಇರುವುದು ಇಲ್ಲೇ. ಅದರ ಹೆಸರು ರೀಸನ್‌ಟೋರ್, ದೈತ್ಯರ ಬಾಗಿಲು. ಇಕ್ಕೆಲದಲ್ಲಿ ಸುಮಾರು 65 ಮೀಟರ್ ಎತ್ತರದ ಎರಡು ಗೋಪುರಗಳಿವೆ. ಇಡೀ ಕಟ್ಟಡದಲ್ಲಿ ನೆಲದ ಮೇಲೆ ಉಳಿದಿರುವ ಅತಿ ಹಳೆಯ ಭಾಗ ಇದು, 13ನೇ ಶತಮಾನದ್ದು.

ಹಳೆಯದು ಅಂತ ಗುರುತಿಸುವುದು ಹೇಗೆ? ಕಮಾನು ನೋಡಿ. ರೋಮನೆಸ್ಕ್ ಶೈಲಿಯಲ್ಲಿ ಕಮಾನು ಅರ್ಧ ಚಂದ್ರನ ಹಾಗೆ ದುಂಡಗೆ ಇರುತ್ತದೆ, ಗೋಡೆ ದಪ್ಪ, ಕಿಟಕಿ ಚಿಕ್ಕದು. ಗಾತಿಕ್‌ನಲ್ಲಿ ಕಮಾನು ಮೇಲೆ ಚೂಪಾಗುತ್ತದೆ, ಗೋಡೆ ಕಡಿಮೆ, ಕಿಟಕಿ ಜಾಸ್ತಿ. ಈ ಒಂದು ಗುರುತು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ರೀಸನ್‌ಟೋರ್‌ನ ದುಂಡು ಕಮಾನಿನ ಕೆಳಗೆ ನಿಂತು ಎಡಕ್ಕೂ ಬಲಕ್ಕೂ ನೋಡಿ. ಚೂಪು ಕಮಾನಿನ ಕಿಟಕಿಗಳಿರುವ ಗೋಡೆ ಎರಡೂ ಬದಿಯಲ್ಲಿ ಚಾಚಿಕೊಂಡಿದೆ ಅಲ್ವಾ? ಅಲ್ಲಿದೆ ಮೊದಲ ಹೊಲಿಗೆ. ಹಳೆಯ ಚರ್ಚು ಎಷ್ಟು ಅಗಲ ಇತ್ತು, ಅದನ್ನು ಹೇಗೆ ನಡುವೆ ಇಟ್ಟುಕೊಂಡು ಹೊಸದನ್ನು ಅಗಲ ಮಾಡಿದರು ಅನ್ನುವುದು ಇಲ್ಲೇ ಕಾಣುತ್ತದೆ. ರುಡಾಲ್ಫ್‌ನ ಕಾಲದಲ್ಲಿ ಶುರುವಾದ ಹೊಸ ಗೋಡೆಗಳು ಹಳೆಯ ಚರ್ಚಿನ ಹೊರಗಡೆ ಏಳುತ್ತಾ ಹೋದವು. ಒಳಗೆ ಹಳೆಯ ಚರ್ಚಿನಲ್ಲಿ ಪೂಜೆ ನಡೆಯುತ್ತಲೇ ಇತ್ತು. ಒಳಗಿನದನ್ನು ಕೆಡವಿದ್ದು ಸುಮಾರು 1430ರಲ್ಲಿ, ಅಂದರೆ ಎರಡು ಮೂರು ತಲೆಮಾರಿನ ಜನ ಚರ್ಚಿನೊಳಗಿನ ಚರ್ಚಿಗೆ ಹೋಗಿ ಬಂದಿದ್ದಾರೆ. ಪಶ್ಚಿಮದ ಮುಖವನ್ನು ಮಾತ್ರ ಹಾಗೇ ಉಳಿಸಿಕೊಂಡರು.

ದೈತ್ಯರ ಬಾಗಿಲು ಅನ್ನುವ ಹೆಸರಿಗೆ ಒಂದು ಕಥೆ ಇದೆ. 1443ರಲ್ಲಿ ಉತ್ತರದ ಗೋಪುರದ ಪಾಯ ತೋಡುವಾಗ ದೊಡ್ಡ ಮೂಳೆ ಸಿಕ್ಕಿತಂತೆ, ಅದನ್ನು ದೈತ್ಯನ ಮೂಳೆ ಅಂದುಕೊಂಡು ಈ ಬಾಗಿಲಲ್ಲಿ ತೂಗುಹಾಕಿದ್ದರಂತೆ. ಅದು ಮ್ಯಾಮತ್‌ನ, ಅಂದರೆ ಹಿಮಯುಗದ ಆನೆಯ, ತೊಡೆಮೂಳೆ. ಈಗ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿದೆ.

ಬಾಗಿಲಿನ ಎಡಗಡೆ ಗೋಡೆಯಲ್ಲಿ ಎರಡು ಲೋಹದ ಪಟ್ಟಿ ಹುದುಗಿಸಿದ್ದಾರೆ. ಹುಡುಕಿ ಕೈಯಿಂದ ಮುಟ್ಟಿ ನೋಡಿ. ಇವು ಮೊಳಕೋಲುಗಳು. ಬಟ್ಟೆ ಅಳೆಯಲು ವಿಯೆನ್ನಾದಲ್ಲಿ ಎರಡು ಬಗೆಯ ಮೊಳ ಇತ್ತು. ನಾರುಬಟ್ಟೆಯ ಮೊಳ ಸುಮಾರು 90 ಸೆಂಟಿಮೀಟರ್, ಉಣ್ಣೆಬಟ್ಟೆಯದು ಸುಮಾರು 78. ವ್ಯಾಪಾರಿ ಕಡಿಮೆ ಅಳೆದು ಕೊಟ್ಟ ಅಂತ ಅನುಮಾನ ಬಂದರೆ ಯಾರು ಬೇಕಾದರೂ ಬಟ್ಟೆ ತಂದು ಇಲ್ಲಿ ಅಳೆದು ನೋಡಬಹುದಿತ್ತು. ನನಗೆ ಇಡೀ ಚರ್ಚಿನಲ್ಲಿ ತುಂಬಾ ಇಷ್ಟವಾದ ಜಾಗಗಳಲ್ಲಿ ಇದೊಂದು. ಸಂತರ ಮೂರ್ತಿ ದೊರೆಗಳ ಸಮಾಧಿ ಎಲ್ಲ ಸರಿ, ಆದರೆ ಮಾರ್ಕೆಟ್ಟಿಗೆ ಬಂದ ಸಾಮಾನ್ಯ ಹೆಂಗಸೊಬ್ಬಳು ನ್ಯಾಯ ಕೇಳಲು ಬರುತ್ತಿದ್ದದ್ದು ಈ ಗೋಡೆಗೆ. ಪಕ್ಕದಲ್ಲೇ ಒಂದು ದುಂಡನೆಯ ಗುರುತಿದೆ. ಅದು ರೊಟ್ಟಿಯ ಅಳತೆ ಅಂತ ಬಹಳ ಜನ ಹೇಳುತ್ತಾರೆ, ನಂಬಬೇಡಿ. ಹಿಂದೆ ಇದ್ದ ಗೇಟಿನ ಕಬ್ಬಿಣ ಉಜ್ಜಿ ಉಜ್ಜಿ ಆದ ಸವೆತ ಅದು.

ಈಗ ಬಾಗಿಲಿನ ಬಲಗಡೆಗೆ ಬನ್ನಿ. ಕಲ್ಲಿನಲ್ಲಿ ಓ ಅಕ್ಷರವೂ ಐದರ ಅಂಕಿಯೂ ಕಾಣುತ್ತದೆ. ನಾಜಿಗಳ ಆಳ್ವಿಕೆಯಲ್ಲಿ ಆಸ್ಟ್ರಿಯಾ ಅನ್ನುವ ಹೆಸರೇ ನಕಾಶೆಯಿಂದ ಅಳಿಸಿಹೋಗಿತ್ತು. ಜರ್ಮನ್ ಅಕ್ಷರಮಾಲೆಯಲ್ಲಿ ಐದನೆಯದು ಇ. ಓ ಮತ್ತು ಇ ಸೇರಿದರೆ ಓಸ್ಟರ್‌ರೈಖ್, ಅಂದರೆ ಆಸ್ಟ್ರಿಯಾದ ಸ್ವಂತ ಹೆಸರು, ಅದರ ಮೊದಲ ಅಕ್ಷರ ಆಗುತ್ತದೆ. ಪ್ರತಿರೋಧ ಚಳವಳಿಯವರು ಇದನ್ನು ಗುಟ್ಟಿನ ಗುರುತಾಗಿ ಬಳಸಿದರು. 13ನೇ ಶತಮಾನದ ಬಾಗಿಲು, ಬಟ್ಟೆಯ ಮೊಳ, 1945ರ ಗುಟ್ಟಿನ ಗುರುತು, ಎಲ್ಲ ಕೆಲವೇ ಹೆಜ್ಜೆಗಳ ಅಂತರದಲ್ಲಿ.

ಸುತ್ತು ಹಾಕುವುದು

ಬಾಗಿಲಿಗೆ ಮುಖ ಮಾಡಿ ನಿಂತರೆ ನಿಮ್ಮ ಬಲಗೈ ಕಡೆಯದು ದಕ್ಷಿಣ. ಆ ಕಡೆಯಿಂದ ಶುರುಮಾಡಿ. ಮೇಲೆ ಮಾಡಿನ ಅಂಚಿನಲ್ಲಿ ಸಾಲಾಗಿ ನಿಂತ ತ್ರಿಕೋನದ ಕಲ್ಲಿನ ಮುಖಗಳನ್ನು ನೋಡಿ. ಎಲ್ಲ ಒಂದೇ ಕಾಲದವು ಅನ್ನಿಸುತ್ತದೆ. ಆದರೆ ಮಧ್ಯಯುಗದಲ್ಲಿ ಪೂರ್ತಿ ಮುಗಿದದ್ದು ಪಶ್ಚಿಮದ ತುದಿಯ ಒಂದೇ ಒಂದು. ಉಳಿದವನ್ನು 1850ರ ದಶಕದಲ್ಲಿ ಕೆತ್ತಿ ಕೂರಿಸಿದರು. ದುರ್ಬೀನು ಹಿಡಿದು ಹೋಲಿಸಿ ನೋಡಿ.

ಮುಂದೆ ಹೋದರೆ ಸಿಂಗರ್‌ಟೋರ್ ಬಾಗಿಲು. ಹಿಂದೆ ಗಂಡಸರು ಈ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು, ಹೆಂಗಸರು ಉತ್ತರದ ಕಡೆಯ ಬಿಷಪ್ ಬಾಗಿಲಿನಿಂದ. ಇಲ್ಲಿ ರುಡಾಲ್ಫ್ ಮತ್ತು ಅವನ ಹೆಂಡತಿ ಕ್ಯಾಥರೀನ್ ಇಬ್ಬರ ಮೂರ್ತಿಯೂ ಇದೆ. ಕ್ಯಾಥರೀನ್ ಯಾರ ಮಗಳು ಗೊತ್ತಾ? ಪ್ರಾಗ್‌ನಲ್ಲಿ ಆಳುತ್ತಿದ್ದ ನಾಲ್ಕನೇ ಕಾರ್ಲ್ ಚಕ್ರವರ್ತಿಯ ಮಗಳು. ಇಡೀ ಕಥೆಯ ಕೀಲಿಕೈ ಈ ಮಾವ ಮತ್ತು ಅಳಿಯನ ಪೈಪೋಟಿ. ಪ್ರಾಗ್‌ಗೆ 1344ರಲ್ಲಿ ಆರ್ಚ್‌ಬಿಷಪ್ ಪದವಿ ಬಂತು, ಅದೇ ವರ್ಷ ಸೇಂಟ್ ವೈಟಸ್ ಕ್ಯಾಥೆಡ್ರಲ್‌ಗೆ ಅಡಿಗಲ್ಲು ಬಿತ್ತು, 1348ರಲ್ಲಿ ವಿಶ್ವವಿದ್ಯಾಲಯ. ಅಳಿಯ ಸುಮ್ನೆ ಇರುತ್ತಾನಾ? 1359ರಲ್ಲಿ ಇಲ್ಲಿ ಅಡಿಗಲ್ಲು, 1365ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯ. ತನ್ನ ಮನೆತನಕ್ಕೆ ದೊಡ್ಡ ಹಕ್ಕುಗಳಿವೆ ಅಂತ ತೋರಿಸಲು ಹಳೆಯ ಸನದುಗಳನ್ನೇ ನಕಲಿ ಮಾಡಿಸಿದ. 1365ರಲ್ಲೇ ತೀರಿಕೊಂಡ, ಆಗ ವಯಸ್ಸು 25. ಇಷ್ಟನ್ನು ಓದಿಕೊಂಡು ಮೂರ್ತಿಯ ಮುಖ ನೋಡಿದರೆ ಬೇರೆಯೇ ಥರ ಕಾಣುತ್ತದೆ.

ಈಗ ತಲೆ ಎತ್ತಿ. ದಕ್ಷಿಣದ ಗೋಪುರ, 136 ಮೀಟರ್ ಚಿಲ್ಲರೆ. ಊರಿನವರು ಪ್ರೀತಿಯಿಂದ ಸ್ಟೆಫ್ಲ್ ಅನ್ನುತ್ತಾರೆ. ಇದನ್ನು ಚೆನ್ನಾಗಿ ನೋಡಬೇಕಾದರೆ ಬುಡದಲ್ಲಿ ನಿಲ್ಲಬಾರದು, ಸ್ವಲ್ಪ ದೂರ ಹಿಂದೆ ಸರಿಯಿರಿ. ಬುಡದಲ್ಲಿ ಚೌಕ, ಮೇಲೆ ಹೋಗುತ್ತಾ ಮೂಲೆಗಳು ಕರಗಿ ಎಂಟು ಮೂಲೆಯಾಗುತ್ತದೆ, ಕೊನೆಗೆ ಸೂಜಿ. ಎಲ್ಲಿ ಚೌಕ ಮುಗಿದು ಎಂಟು ಮೂಲೆ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ನೋಡಿ, ಆಗುವುದಿಲ್ಲ. ಕಲ್ಲುಕುಟಿಗರು ಆ ಗೆರೆಯನ್ನು ಅಷ್ಟು ಚೆನ್ನಾಗಿ ಮುಚ್ಚಿದ್ದಾರೆ. ಹೊಲಿಗೆ ಕಾಣದ ಹಾಗೆ ಮಾಡಿದ್ದು ಇಡೀ ಕಟ್ಟಡದಲ್ಲಿ ಇಲ್ಲಿ ಮಾತ್ರ ಅಂತ ನನಗನ್ನಿಸುತ್ತದೆ. ಆದರೆ ತುದಿಯ ಭಾಗ 1433ರದ್ದಲ್ಲ. 19ನೇ ಶತಮಾನದಲ್ಲಿ ಮೇಲಿನ ಭಾಗ ಸಡಿಲವಾಗಿ, ಬಿಚ್ಚಿ ಇಳಿಸಿ, 1864ರ ಹೊತ್ತಿಗೆ ಮತ್ತೆ ಕಟ್ಟಿ ಮುಗಿಸಿದರು.

ಗೋಡೆಯಲ್ಲಿ ಕೆಲವು ಕಡೆ ಕಲ್ಲು ಕಪ್ಪಗೆ, ಕೆಲವು ಕಡೆ ಬೆಣ್ಣೆಯ ಬಣ್ಣ. ಕಪ್ಪು ಅಂದರೆ ಹಳೆಯದು, ಬಿಳಿ ಅಂದರೆ ಹೊಸದು ಅಂತ ಅಂದುಕೊಳ್ಳಬೇಡಿ, ನಾನು ಹಾಗೆ ತಪ್ಪು ತಿಳಿದಿದ್ದೆ. ಬಿಳಿಯದು ತೊಳೆದ ಹಳೆಯ ಕಲ್ಲೂ ಆಗಿರಬಹುದು. ಚರ್ಚಿಗೆ ತನ್ನದೇ ಆದ ಕಲ್ಲುಕುಟಿಗರ ಕಾರ್ಖಾನೆ ಇದೆ, ಡೋಂಬೌಹ್ಯೂಟೆ ಅಂತ ಹೆಸರು. ಅವರ ಕೆಲಸ ನಿಲ್ಲುವುದೇ ಇಲ್ಲ. ಒಂದು ಕಡೆ ತೊಳೆದು ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ಸವೆದಿರುತ್ತದೆ. ನೀವು ಹೋದಾಗ ಎಲ್ಲೋ ಒಂದು ಕಡೆ ಅಟ್ಟಣಿಗೆ ಕಟ್ಟಿದ್ದರೆ ಬೇಜಾರು ಬೇಡ.

ಹಿಂಬದಿ, ಅಂದರೆ ಪೂರ್ವದ ಕಡೆ, ಜನ ಕಡಿಮೆ. ಸುತ್ತಲಿನ ಈ ಚೌಕವೆಲ್ಲ ಹಿಂದೆ ಸ್ಮಶಾನ. ಅದಕ್ಕೇ ಹೊರಗೋಡೆಯ ತುಂಬ ಸಮಾಧಿಯ ಕಲ್ಲುಗಳು ಅಂಟಿಕೊಂಡಿವೆ. ಇಲ್ಲಿ ಗೋಡೆಯಲ್ಲಿ ಎದೆಯ ತನಕ ಇರುವ ಕ್ರಿಸ್ತನ ಮೂರ್ತಿಯೊಂದಿದೆ, ಮುಖದಲ್ಲಿ ನೋವು. ಜನ ಇದನ್ನು ಹಲ್ಲುನೋವಿನ ದೇವರು ಅನ್ನುತ್ತಾರೆ. ಯಾರೋ ಹುಡುಗರು ಈ ಮೂರ್ತಿಯ ದವಡೆಗೆ ಬಟ್ಟೆ ಕಟ್ಟಿ, ದೇವರಿಗೆ ಹಲ್ಲುನೋವು ಅಂತ ನಕ್ಕರಂತೆ, ಆ ರಾತ್ರಿಯೇ ಅವರಿಗೆ ತಡೆಯಲಾರದ ಹಲ್ಲುನೋವು ಬಂತಂತೆ, ಬಂದು ಕ್ಷಮೆ ಕೇಳಿದ ಮೇಲೆ ಹೋಯಿತಂತೆ. ಹೊರಗಿರುವುದು ಪ್ರತಿ, ಮೂಲ ಮೂರ್ತಿ ಒಳಗಿದೆ.

ಅಲ್ಲಿಂದ ಉತ್ತರಕ್ಕೆ ತಿರುಗುವ ಮೂಲೆಯಲ್ಲಿ ಹೊರಗೇ ಒಂದು ಕಲ್ಲಿನ ಪ್ರಸಂಗ ಪೀಠ. 1451ರಲ್ಲಿ ಇಟಲಿಯ ಸನ್ಯಾಸಿ ಜೊವಾನ್ನಿ ದ ಕಪಿಸ್ತ್ರಾನೋ ವಿಯೆನ್ನಾದ ಜನರ ಮುಂದೆ ಇದರ ಮೇಲೆ ನಿಂತು ಉಪದೇಶ ಮಾಡಿದ. ಮೇಲಿನ ದೊಡ್ಡ ಶಿಲ್ಪ ಮಾತ್ರ 18ನೇ ಶತಮಾನದ ಬರೋಕ್ (ಗಾತಿಕ್ ನಂತರದ, ಆಡಂಬರದ ಶೈಲಿ), ತುರ್ಕರ ಮೇಲೆ ಗೆದ್ದ ಹೆಮ್ಮೆಯನ್ನು ತೋರಿಸಲು ಸೇರಿಸಿದ್ದು. ಹತ್ತಿರದಲ್ಲೇ ಶಿಲುಬೆಯ ಚಾಪೆಲ್ ಇದೆ. 1791ರ ಡಿಸೆಂಬರ್‌ನಲ್ಲಿ ಸಂಗೀತಗಾರ ಮೊಟ್ಸಾರ್ಟ್ ತೀರಿಕೊಂಡಾಗ ಅವನ ಶವಕ್ಕೆ ಕೊನೆಯ ಪ್ರಾರ್ಥನೆ ಮಾಡಿದ್ದು ಇಲ್ಲಿ. ಒಂಬತ್ತು ವರ್ಷ ಮೊದಲು, 1782ರಲ್ಲಿ, ಅವನ ಮದುವೆ ಆದದ್ದೂ ಇದೇ ಚರ್ಚಿನಲ್ಲಿ. ಇನ್ನೊಬ್ಬ ದೊಡ್ಡ ಸಂಗೀತಗಾರ ಹೈಡನ್ ಹುಡುಗನಾಗಿದ್ದಾಗ ಇಲ್ಲಿನ ಗಾಯಕರ ಗುಂಪಿನಲ್ಲಿದ್ದ.

ಆಮೇಲೆ ಉತ್ತರದ ಗೋಪುರ. 68 ಮೀಟರ್‌ಗೆ ನಿಂತುಬಿಟ್ಟಿದೆ. ದಕ್ಷಿಣದ ಜೋಡಿಯ ಹಾಗೇ ಎತ್ತರ ಮಾಡಬೇಕು ಅಂತ 1450ರಲ್ಲಿ ಕಟ್ಟಡ ಶುರುವಾಯಿತು. ಆ ವರ್ಷದ ದ್ರಾಕ್ಷಾರಸ ಎಷ್ಟು ಹುಳಿ ಅಂದರೆ ಕುಡಿಯಲು ಆಗದೆ ಅದನ್ನೇ ಗಾರೆಗೆ ಕಲಸಿದರು ಅಂತ ಊರಿನ ಕಥೆ. 1511ರಲ್ಲಿ ಕೆಲಸ ನಿಂತಿತು. ಗಾತಿಕ್ ಕಟ್ಟಡಗಳ ಕಾಲವೇ ಮುಗಿಯುತ್ತಾ ಬಂದಿತ್ತು. ಮುಂದೆ 1529ರಲ್ಲಿ ತುರ್ಕರ ಸೈನ್ಯ ಊರಿನ ಬಾಗಿಲಿಗೇ ಬಂತು, ಇದ್ದ ಹಣ ಕೋಟೆಗೋಡೆಗೆ ಹೋಗಬೇಕಾಯಿತು. 1578ರಲ್ಲಿ ಅರ್ಧ ಗೋಪುರದ ತಲೆಗೆ ಒಂದು ದುಂಡು ಟೋಪಿ ಹಾಕಿ ಮುಗಿಸಿದರು. ಚೂಪು ಕಮಾನುಗಳ ಮೇಲೆ ಆ ದುಂಡು ಟೋಪಿ ನೋಡಿದರೆ ಯಾವ ಕಾಲ ಎಲ್ಲಿ ಮುಗಿಯಿತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾಡು ಮತ್ತು ಆ ಏಪ್ರಿಲ್

ಈಗ ಮಾಡು ನೋಡುವ ಸರದಿ. ಚೌಕದಲ್ಲಿ ಉತ್ತರದ ಕಡೆ ಹಿಂದೆ ಸರಿದು ನಿಂತರೆ ಕ್ವಾಯರ್‌ನ ಮೇಲೆ ಹೆಂಚಿನಲ್ಲೇ ಬರೆದ ಎರಡು ಲಾಂಛನ ಕಾಣುತ್ತದೆ, ಒಂದು ವಿಯೆನ್ನಾ ನಗರದ್ದು, ಇನ್ನೊಂದು ಆಸ್ಟ್ರಿಯಾ ಗಣರಾಜ್ಯದ್ದು, ಜೊತೆಗೆ 1950 ಅನ್ನುವ ಇಸವಿ. ದಕ್ಷಿಣದ ಕಡೆ ಎರಡು ತಲೆಯ ಹದ್ದು, ಚಕ್ರವರ್ತಿಗಳ ಗುರುತು. ಸುಮಾರು 2,30,000 ಹೆಂಚುಗಳು. ಇಳಿಜಾರು ಎಷ್ಟು ಕಡಿದು ಅಂದರೆ ಮಳೆ ಬಂದರೆ ತಾನೇ ತೊಳೆದುಹೋಗುತ್ತದೆ, ಹಿಮ ನಿಲ್ಲುವುದು ಕಡಿಮೆ.

1945ರ ಏಪ್ರಿಲ್. ಸೋವಿಯತ್ ಸೈನ್ಯ ಊರೊಳಗೆ ಬಂದಿತ್ತು, ಜರ್ಮನ್ ಸೈನ್ಯ ಹಿಂದೆ ಸರಿಯುತ್ತಿತ್ತು. ಹೋಗುವ ಮುಂಚೆ ಕ್ಯಾಥೆಡ್ರಲ್ ಮೇಲೆ ಫಿರಂಗಿ ಹಾರಿಸಿ ಅಂತ ಆಜ್ಞೆ ಬಂತು. ಗೆರ್‌ಹಾರ್ಡ್ ಕ್ಲಿಂಕಿಶ್ಟ್ ಎಂಬ ಕ್ಯಾಪ್ಟನ್ ಅದನ್ನು ಪಾಲಿಸಲಿಲ್ಲ. ಅವನ ಹೆಸರಿನ ಫಲಕ ಚರ್ಚಿನ ಗೋಡೆಯಲ್ಲಿದೆ, ಸುತ್ತು ಹಾಕುವಾಗ ಹುಡುಕಿ. ಚರ್ಚು ಫಿರಂಗಿಯಿಂದ ಉಳಿಯಿತು, ಆದರೆ ಬೆಂಕಿಯಿಂದ ಉಳಿಯಲಿಲ್ಲ. ಲೂಟಿ ಮಾಡುತ್ತಿದ್ದವರು ಅಕ್ಕಪಕ್ಕದ ಅಂಗಡಿಗಳಿಗೆ ಹಚ್ಚಿದ ಬೆಂಕಿಯ ಕಿಡಿ ಗಾಳಿಗೆ ಹಾರಿ ಮಾಡಿಗೆ ತಗುಲಿತು. ಒಳಗೆ ಮಧ್ಯಯುಗದ ಮರದ ತೊಲೆಗಳ ಕಾಡೇ ಇತ್ತು. ಪೂರ್ತಿ ಸುಟ್ಟುಹೋಯಿತು. ಪುಮ್ಮೆರಿನ್ ಅನ್ನುವ ದೊಡ್ಡ ಗಂಟೆ, ತುರ್ಕರಿಂದ ಗೆದ್ದ ಫಿರಂಗಿಗಳನ್ನು ಕರಗಿಸಿ 1711ರಲ್ಲಿ ಎರಕ ಹೊಯ್ದದ್ದು, ಕೆಳಗೆ ಬಿದ್ದು ಚೂರಾಯಿತು. ಕ್ವಾಯರ್‌ನ ಕಮಾನು ಕುಸಿದು 15ನೇ ಶತಮಾನದ ಕೆತ್ತನೆಯ ಮರದ ಆಸನಗಳೆಲ್ಲ ಬೂದಿಯಾದವು. ಅವನ್ನು ಮತ್ತೆ ಯಾರೂ ಮಾಡಲು ಆಗುವುದಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಊರಿಗೇ ಊಟ ಇಲ್ಲದ ಆ ದಿನಗಳಲ್ಲಿ ಜನ ಚರ್ಚು ಕಟ್ಟಲು ಹೊರಟರು. 1948ರ ಡಿಸೆಂಬರ್‌ನಲ್ಲಿ ಅರ್ಧ ಭಾಗ ತೆರೆಯಿತು, 1952ರ ಏಪ್ರಿಲ್‌ನಲ್ಲಿ ಪೂರ್ತಿ. ಮರದ ಬದಲು ಸುಮಾರು 600 ಟನ್ ಉಕ್ಕು ಹಾಕಿದರು. ಆಸ್ಟ್ರಿಯಾದ ಒಂದೊಂದು ರಾಜ್ಯವೂ ಒಂದೊಂದು ಕೊಟ್ಟಿತು: ನೆಲದ ಕಲ್ಲು ಲೋವರ್ ಆಸ್ಟ್ರಿಯಾದ್ದು, ಬೆಂಚುಗಳು ಫೋರಾರ್ಲ್‌ಬರ್ಗ್‌ನದು, ಕಿಟಕಿಗಳು ಟಿರೋಲ್‌ನದು, ದೀಪಗಳು ಕ್ಯಾರಿಂಥಿಯಾದ್ದು, ಬಾಗಿಲು ಸ್ಟಿರಿಯಾದ್ದು, ಮಾಡಿನ ಹೆಂಚು ವಿಯೆನ್ನಾದ್ದು. ಅಪ್ಪರ್ ಆಸ್ಟ್ರಿಯಾ ಹಳೆಯ ಗಂಟೆಯ ಚೂರುಗಳನ್ನು ಸೇರಿಸಿ ಹೊಸ ಪುಮ್ಮೆರಿನ್ ಎರಕ ಹೊಯ್ದು ಕೊಟ್ಟಿತು, 20 ಟನ್‌ಗೂ ಹೆಚ್ಚು ತೂಕ. ಒಳಗೆ ಹೋದಾಗ ಬೆಂಚಿನ ಮೇಲೆ ಕೂತಾಗ, ನೆಲ ತುಳಿದಾಗ ಇದನ್ನು ನೆನಪಿಟ್ಟುಕೊಳ್ಳಿ.

ಈಗ ಒಳಗೆ

ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದೆ ಸುಮ್ಮನೆ ನಿಲ್ಲಿ, ಓಡಾಡಬೇಡಿ. ಇದು ಮ್ಯೂಸಿಯಂ ಅಲ್ಲ, ಜನ ದಿನವೂ ಬರುವ ಚರ್ಚ್. ಬಾಗಿಲ ಹತ್ತಿರದ ಭಾಗಕ್ಕೆ ಹೋಗಲು ಟಿಕೆಟ್ ಬೇಕಾಗಿಲ್ಲ, ಉಳಿದ ಕಡೆಗಳಿಗೆ ಬೇಕು.

ಒಳಗೆ ಕಾಲಿಟ್ಟ ತಕ್ಷಣ ಕತ್ತಲೆ ಅನ್ನಿಸುತ್ತದೆ. ಕಾರಣ ಇದೆ. ಎಷ್ಟೋ ಗಾತಿಕ್ ಕ್ಯಾಥೆಡ್ರಲ್‌ಗಳಲ್ಲಿ ನಡುವಿನ ಅಂಕಣ ಅಕ್ಕಪಕ್ಕದವಕ್ಕಿಂತ ತುಂಬಾ ಎತ್ತರ ಇರುತ್ತದೆ, ಮೇಲೆ ಕಿಟಕಿಗಳ ಸಾಲು ಇರುತ್ತದೆ. ಇಲ್ಲಿ ಮೂರೂ ಅಂಕಣಗಳು ಹೆಚ್ಚು ಕಡಿಮೆ ಒಂದೇ ಎತ್ತರ, ನಡುವಿನದು ಸ್ವಲ್ಪ ಮಾತ್ರ ಮೇಲೆ, ಅದಕ್ಕೆ ಸ್ವಂತ ಕಿಟಕಿ ಇಲ್ಲ. ಮೂರನ್ನೂ ಒಂದೇ ಮಾಡು ಮುಚ್ಚುತ್ತದೆ. ಅದಕ್ಕೇ ಆ ಮಾಡು ಅಷ್ಟು ದೊಡ್ಡದು. ಕಣ್ಣು ಒಗ್ಗಲು ಐದು ನಿಮಿಷ ಕೊಡಿ.

ಎಡಗಡೆಯ ಕಂಬವೊಂದಕ್ಕೆ ಅಂಟಿದ ಕಲ್ಲಿನ ಪ್ರಸಂಗ ಪೀಠಕ್ಕೆ ಹೋಗಿ. ಇಲ್ಲಿ ಆತುರ ಬೇಡ. ಸುತ್ತ ನಾಲ್ಕು ಮುಖಗಳಿವೆ, ಚರ್ಚಿನ ನಾಲ್ವರು ಹಿರಿಯರು: ಆಗಸ್ಟೀನ್, ಅಂಬ್ರೋಸ್, ಗ್ರೆಗೊರಿ, ಜೆರೋಮ್. ನಾಲ್ವರ ಮುಖದಲ್ಲೂ ಬೇರೆ ಬೇರೆ ಸ್ವಭಾವ, ಬೇರೆ ಬೇರೆ ವಯಸ್ಸು. ಮೆಟ್ಟಿಲ ಕೈಗಂಬಿಯ ಮೇಲೆ ಕಪ್ಪೆ, ಹಲ್ಲಿಗಳು ಹತ್ತುತ್ತಿವೆ, ಪಾಪದ ಸಂಕೇತ, ಮೇಲೆ ಒಂದು ನಾಯಿ ಕಾವಲು ಕೂತಿದೆ. ಕೈಗಂಬಿಯ ಕೆಳಗೆ ಉರುಳುವ ಚಕ್ರಗಳ ಕೆತ್ತನೆ, ಮೂರು ಭಾಗದ ಚಕ್ರ ಮೇಲಕ್ಕೆ, ನಾಲ್ಕು ಭಾಗದ್ದು ಕೆಳಕ್ಕೆ. ಈಗ ಬಗ್ಗಿ ಮೆಟ್ಟಿಲ ಕೆಳಗೆ ನೋಡಿ. ಕಿಟಕಿ ತೆರೆದು ಒಬ್ಬ ಇಣುಕುತ್ತಿದ್ದಾನೆ, ಕೈಯಲ್ಲಿ ಶಿಲ್ಪಿಯ ಉಪಕರಣ. ಇದು ಪೀಠ ಕೆತ್ತಿದ ಶಿಲ್ಪಿ ಆಂಟನ್ ಪಿಲ್‌ಗ್ರಾಮ್ ಅಂತ ಬಹುಕಾಲ ಹೇಳುತ್ತಿದ್ದರು, ಈಗ ತಿಳಿದವರು ಈ ಪೀಠ ಅವನ ಕೆಲಸ ಅಲ್ಲದಿರಬಹುದು ಅನ್ನುತ್ತಾರೆ. ಪಿಲ್‌ಗ್ರಾಮ್ ತನ್ನ ಮುಖವನ್ನು ಕೆತ್ತಿಕೊಂಡದ್ದು ಖಚಿತವಾಗಿ ಇರುವುದು ಉತ್ತರದ ಗೋಡೆಯಲ್ಲಿ, ಆರ್ಗನ್ ಎಂಬ ದೊಡ್ಡ ವಾದ್ಯ ಹಿಂದೆ ನಿಂತಿದ್ದ ಕಲ್ಲಿನ ಬುಡದಲ್ಲಿ, 1513ರದ್ದು. ಎರಡೂ ಮುಖ ಹೋಲಿಸಿ ನೀವೇ ತೀರ್ಮಾನಿಸಿ. ಯುದ್ಧದ ಸಮಯದಲ್ಲಿ ಪ್ರಸಂಗ ಪೀಠದ ಸುತ್ತ ಇಟ್ಟಿಗೆಯ ಗೋಡೆ ಕಟ್ಟಿದ್ದರು, ಅದಕ್ಕೇ ಇವತ್ತು ಇದು ಉಳಿದಿದೆ.

ಹಾಗೇ ಉಳಿದದ್ದು ಬಲಗಡೆಯ ಕ್ವಾಯರ್‌ನಲ್ಲಿರುವ ಮೂರನೇ ಫ್ರೆಡ್ರಿಕ್‌ನ ಕೆಂಪು ಅಮೃತಶಿಲೆಯ ಸಮಾಧಿ. ಬಿಷಪ್ ಪದವಿ ತಂದುಕೊಟ್ಟವನು ಇವನೇ. ತನ್ನ ಸಮಾಧಿಯ ಕೆಲಸವನ್ನು ಬದುಕಿದ್ದಾಗಲೇ ಶುರುಮಾಡಿಸಿದ. ಅವನು ಸತ್ತದ್ದು 1493ರಲ್ಲಿ, ಕೆಲಸ ಪೂರ್ತಿ ಮುಗಿದದ್ದು 1513ರಲ್ಲಿ.

ಎಡಗಡೆಯ ಕ್ವಾಯರ್‌ನಲ್ಲಿ 1447ರ ವೀನರ್ ನೊಯ್‌ಸ್ಟಾಟ್ ಆಲ್ಟರ್ ಇದೆ. ಅದು ಇಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ, ಬೇರೆ ಊರಿಂದ. ವಾರದ ದಿನ ಬಾಗಿಲು ಮುಚ್ಚಿ ಸಂತರ ಚಿತ್ರ ತೋರಿಸುತ್ತದೆ, ಭಾನುವಾರ ತೆರೆದರೆ ಬಂಗಾರದ ಮೂರ್ತಿಗಳು. ಸಾಧ್ಯವಾದರೆ ಎರಡೂ ನೋಡಿ. ಅದೇ ಕಡೆ ರುಡಾಲ್ಫ್ ಮತ್ತು ಕ್ಯಾಥರೀನ್‌ರ ಸಮಾಧಿಯ ಕಲ್ಲು ಕಾಣುತ್ತದೆ, ಆದರೆ ಒಳಗೆ ಯಾರೂ ಇಲ್ಲ. ನಡುವಿನ ದೊಡ್ಡ ಆಲ್ಟರ್ 1640ರ ದಶಕದ ಬರೋಕ್, ಕಪ್ಪು ಅಮೃತಶಿಲೆ. ಚಂದವಾಗಿದೆ, ಆದರೆ ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು ಅನ್ನಿಸಲಿಲ್ಲ.

ಕೆಳಗೆ, ಮೇಲೆ, ಪಕ್ಕಕ್ಕೆ

ನೆಲಮಾಳಿಗೆಗೆ ಗೈಡ್ ಜೊತೆಗೇ ಹೋಗಬೇಕು. ಅಲ್ಲಿ ರುಡಾಲ್ಫ್ ಕಟ್ಟಿಸಿದ ದೊರೆಗಳ ನೆಲಗೋರಿ ಇದೆ. ಅವನು ನಿಜವಾಗಿ ಮಲಗಿರುವುದು ಇಲ್ಲಿ. ಹ್ಯಾಬ್ಸ್‌ಬರ್ಗ್‌ನವರ ಕರುಳು ಮುಂತಾದ ಒಳ ಅಂಗಗಳನ್ನು ಇಟ್ಟ ತಾಮ್ರದ ಪಾತ್ರೆಗಳೂ ಇಲ್ಲಿವೆ. ಅದರಾಚೆ ಊರಿನ ಜನರ ಮೂಳೆಗಳ ಕೋಣೆಗಳು. 1730ರ ದಶಕದಲ್ಲಿ ಮೇಲಿನ ಸ್ಮಶಾನ ಮುಚ್ಚಿದಾಗ ಹೆಣ ಹೂಳುವುದು ನೆಲದ ಕೆಳಗೆ ಇಳಿಯಿತು. 1783ರಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ ಅದನ್ನೂ ನಿಲ್ಲಿಸಿದ. ಅಷ್ಟರಲ್ಲಿ 11,000ಕ್ಕೂ ಹೆಚ್ಚು ಜನರನ್ನು ಇಲ್ಲಿ ಇಟ್ಟಾಗಿತ್ತು. ಚಿಕ್ಕ ಮಕ್ಕಳಿದ್ದರೆ ಯೋಚಿಸಿ ಕರೆದುಕೊಂಡು ಹೋಗಿ.

ಮೇಲೆ ಹತ್ತಲು ಎರಡು ದಾರಿ. ಉತ್ತರದ ಗೋಪುರಕ್ಕೆ ಲಿಫ್ಟ್ ಇದೆ, ಹೊಸ ಪುಮ್ಮೆರಿನ್ ತೂಗುತ್ತಿರುವುದು ಅಲ್ಲೇ. ಹೊಸ ವರ್ಷಕ್ಕೆ, ಈಸ್ಟರ್‌ಗೆ, ಕೆಲವು ದೊಡ್ಡ ದಿನಗಳಿಗೆ ಮಾತ್ರ ಅದನ್ನು ಬಾರಿಸುತ್ತಾರೆ. ದಕ್ಷಿಣದ ಗೋಪುರಕ್ಕೆ 343 ಮೆಟ್ಟಿಲು, ಕಿರಿದಾದ ಸುರುಳಿ, ಎದುರಿಂದ ಬರುವವರಿಗೆ ಗೋಡೆಗೆ ಅಂಟಿ ದಾರಿ ಬಿಡಬೇಕು. ಮಂಡಿ ನೋವು ಇಲ್ಲದಿದ್ದರೆ ದಕ್ಷಿಣದ್ದೇ ಹತ್ತಿ. ಮೇಲಿನ ಕೋಣೆಯಲ್ಲಿ ಬೆಂಕಿಯ ಕಾವಲುಗಾರರು ಇರುತ್ತಿದ್ದರು. ಊರಲ್ಲಿ ಎಲ್ಲಾದರೂ ಹೊಗೆ ಕಂಡರೆ ಹಗಲು ಬಾವುಟ, ರಾತ್ರಿ ಲಾಂದ್ರ ಹಿಡಿದು ಆ ದಿಕ್ಕಿಗೆ ತೋರಿಸುತ್ತಿದ್ದರು. ಈ ಕೆಲಸ 1955ರ ತನಕ ನಡೆಯಿತು. 1683ರಲ್ಲಿ ತುರ್ಕರು ಎರಡನೇ ಸಲ ಮುತ್ತಿಗೆ ಹಾಕಿದಾಗ ಊರಿನ ರಕ್ಷಣೆಯ ಹೊಣೆ ಹೊತ್ತ ಸ್ಟಾರೆಂಬರ್ಗ್ ಇದೇ ಗೋಪುರದಿಂದ ಶತ್ರುವಿನ ಡೇರೆಗಳನ್ನು ನೋಡುತ್ತಿದ್ದನಂತೆ.

ಕೆಳಗಿಳಿದು ಸುಸ್ತಾಗಿದ್ದರೂ ಇನ್ನೊಂದು ಕೆಲಸ ಬಾಕಿ ಇದೆ. ಚೌಕದಲ್ಲೇ ಡೋಮ್ ಮ್ಯೂಸಿಯಂ ಇದೆ, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ರುಡಾಲ್ಫ್‌ನ ಒಂದು ಚಿಕ್ಕ ಚಿತ್ರ ಇದೆ, ಯುರೋಪಿನಲ್ಲಿ ಉಳಿದಿರುವ ಅತಿ ಹಳೆಯ ವ್ಯಕ್ತಿಚಿತ್ರಗಳಲ್ಲಿ ಒಂದು, ಬಾಯಿ ಸ್ವಲ್ಪ ತೆರೆದಿದೆ, ಕಣ್ಣು ಅರ್ಧ ಮುಚ್ಚಿದಂತಿದೆ. ಹತ್ತಿರದಲ್ಲೇ ಅವನ ಶವಕ್ಕೆ ಸುತ್ತಿದ್ದ ಬಟ್ಟೆ. 1365ರಲ್ಲಿ ಅವನು ತೀರಿಕೊಂಡದ್ದು ಮಿಲಾನ್‌ನಲ್ಲಿ, ಅಲ್ಲಿಂದ ವಿಯೆನ್ನಾಗೆ ತರಬೇಕಾದರೆ ಸುತ್ತಿದ್ದು ಚಿನ್ನದ ಎಳೆಯ ರೇಷ್ಮೆ. ಅದು ಪರ್ಷಿಯಾದ ನೇಯ್ಗೆ, ಅದರ ಮೇಲೆ ಅರಬ್ಬಿ ಅಕ್ಷರಗಳಿವೆ, ಅಲ್ಲಿನ ಸುಲ್ತಾನ ಅಬು ಸಯೀದ್‌ನ ಹೆಸರು ನೇಯ್ದಿದ್ದಾರೆ. ಕ್ಯಾಥೆಡ್ರಲ್‌ಗೆ ಅಡಿಗಲ್ಲು ಹಾಕಿದ ದೊರೆ ತನ್ನ ಊರಿಗೆ ವಾಪಸ್ಸು ಬಂದದ್ದು ಆ ಬಟ್ಟೆಯಲ್ಲಿ, ಗೋಪುರ ಅರ್ಧವೂ ಏಳುವ ಮುಂಚೆ. ಆ ಗಾಜಿನ ಪೆಟ್ಟಿಗೆಯ ಮುಂದೆ ಬೆಳಕು ಕಡಿಮೆ ಇರುತ್ತದೆ, ಅಕ್ಷರ ಕಾಣಲು ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ.